ಡಬ್ಬಿ ಒದರದ ರೊಕ್ಕ

ಕದ್ದು ಕಳ್ಳರಾದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ರೊಕ್ಕ ಕೊಟ್ಟು ಕಳ್ಳನಾದವನು ಬಹುಶಃ ಯಾದಗಿರಿ ಜಿಲ್ಲೆಯಲ್ಲೆಲ್ಲ ನಾನೊಬ್ಬನೇ. ಅದು ಹೇಗಾಯಿತೆಂದು ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ನಿಮಗೆ ಹೇಳುತ್ತ ಹೇಳುತ್ತ ನನಗೂ ತಿಳಿದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ನನ್ನ ಹೆಸರು ಬುದ್ಧಪ್ರಿಯ. ಯಾದಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಊರಿನ ಅಂಗಡಿಗಳ ಲೈಸನ್ಸ್ ಫೈಲುಗಳೆಲ್ಲ ನನ್ನ ಟೇಬಲ್ಲಿನ ಮೇಲಿಂದ ಹಾದು ಹೋಗುತ್ತವೆ. (ಹಾದು ಹೋಗುತ್ತವೆ, ಅಷ್ಟೆ. ಸಹಿ ಮಾಡುವವರು ಒಳಗಿನ ಕೋಣೆಯ ಸಾಹೇಬರು. ಆದರೆ ಈ ಮಾತನ್ನು ಅಂಗಡಿಕಾರರಿಗೆ ನಾನು ಯಾವತ್ತೂ ಒತ್ತಿ ಹೇಳಿದವನಲ್ಲ.) ನಮ್ಮಪ್ಪ ತಾಯಪ್ಪ ಇದೇ ಕಚೇರಿಯಲ್ಲಿ ಜವಾನನಾಗಿದ್ದ. ಇಡೀ ನೌಕರಿಯಲ್ಲಿ ಯಾರ ಕೈಯಿಂದಲೂ ಒಂದು ಕಪ್ಪು ಚಹಾ ಕುಡಿದವನಲ್ಲ. "ಮಂದಿ ಚಾ ಕುಡದ್ರ ಹೊಟ್ಟ್ಯಾಗ ಫೈಲು ಬೆಳಿತೈತಿ" ಎನ್ನುತ್ತಿದ್ದ. ಅವನು ಹೋದ ಮೇಲೆ ಅವನ ಪಿಂಚಣಿ ಮತ್ತು ಅವನ ಕಟ್ಟುನಿಟ್ಟು ಎರಡೂ ನಮ್ಮವ್ವನ ಹೆಸರಿಗೆ ವರ್ಗಾವಣೆಯಾದವು.

ನಮ್ಮವ್ವ ಶೇಖಮ್ಮ ದೋರನಹಳ್ಳಿಯ ಹೆಣ್ಣುಮಗಳು. ಹುಣ್ಣಿಮೆಗೊಮ್ಮೆ ಬುದ್ಧವಿಹಾರಕ್ಕೆ ಹೋಗಿ ಪಂಚಶೀಲ ಹೇಳಿ ಬರುತ್ತಾಳೆ. ನಾಲ್ಕು ಶೀಲಗಳನ್ನು ಎಲ್ಲರ ಜೊತೆ ಮೆಲ್ಲಗೆ ಹೇಳುತ್ತಾಳೆ. ಎರಡನೆಯದು, ಅಂದರೆ ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು ಎಂಬುದು ಬಂದಾಗ ಮಾತ್ರ ಮಾಳಿಗೆಯ ಮೇಲಿನ ಪಾರಿವಾಳಗಳು ಹಾರಿ ಹೋಗುವಷ್ಟು ಜೋರಾಗಿ ಹೇಳುತ್ತಾಳೆ. ಬೈಯುವಾಗ ನನ್ನ ಹೆಸರು ಹಿಡಿಯುವುದಿಲ್ಲ, ಬುದ್ಧನಿಗೇ ಬೈದ ಹಾಗೆ ಆಗುತ್ತದೆಂದು. "ತಾಯಪ್ಪನ ಮಗನ" ಎಂದಳೆಂದರೆ ನಾನು ಬಾಗಿಲು ಎಲ್ಲಿದೆ ನೋಡಿಕೊಳ್ಳುತ್ತೇನೆ.

ಎಲ್ಲ ಅನಾಹುತಗಳ ಹಾಗೆ ಇದೂ ಪಕ್ಕದ ಟೇಬಲ್ಲಿನಿಂದ ಬಂತು. ಪಕ್ಕದ ಟೇಬಲ್ಲಿನಲ್ಲಿ ಕೂಡುವವನು ಕಾಂತೇಶ. ತನ್ನ ಕೆಲಸ ಒಂದು ಬಿಟ್ಟು ಜಗತ್ತಿನ ಉಳಿದೆಲ್ಲ ವಿಷಯಗಳ ಪಂಡಿತ. ಒಂದು ದಿನ ನಾನು ಚಿಲ್ಲರೆಗಾಗಿ ಜೇಬು ತಡಕಾಡುವುದನ್ನು ನೋಡಿ ಕನಿಕರದಿಂದ ನಕ್ಕ.

"ಇನ್ನಾ ನೋಟು ಇಟ್ಕೊಂಡು ತಿರಗ್ತೀಯಲ್ಲೋ ಮಾರಾಯ. ನೋಟ ಅಂದ್ರ ಏನು? ಹರದ್ರ ಅಂಗಡ್ಯಾವ ತೊಗೊಳ್ಳಂಗಿಲ್ಲ. ಹರೀದಿದ್ರ ಚಿಲ್ಲರ ಇಲ್ಲಂತ ನಾಕು ಚಾಕಲೇಟ್ ಕೈಯಾಗ ಇಡತಾನ. ನಿಂಗ ಸಕ್ರಿ ರೋಗ ಬಂದ್ರ ಅದು ಚಿಲ್ಲರಿಂದನ ಬರತದ."

"ಚೆಕ್ಕು ಕೊಟ್ರಾತು."

"ಚೆಕ್ ಕೊಟ್ರ ಅಂಗಡ್ಯಾವ ಸಾಮಾನ ಕೊಡಂಗಿಲ್ಲ, ಚಾ ಕೊಡತಾನ. ಪಾಸ್ ಆಗೋತನಾ ಕುಂಡ್ರಪಾ ಅಂತ."

ನಾನು ಜೀವನದಲ್ಲಿ ಬರೆದ ಒಂದೇ ಒಂದು ಚೆಕ್ಕು ಸಹಿ ಹೊಂದುವುದಿಲ್ಲ ಎಂದು ವಾಪಸು ಬಂದಿತ್ತು. ನನ್ನ ಸಹಿ ನನಗೇ ಹೊಂದದಿದ್ದ ಮೇಲೆ ಬೇರೆಯವರ ತಪ್ಪು ಹುಡುಕಿ ಏನು ಪ್ರಯೋಜನ?

"ಫೋನಿಲೆ ಕೊಡತೀನಲ್ಲ ಮತ್ತ?" ಎಂದೆ.

"ಕೊಡು. ಮೊನ್ನಿ ನೀ ಒಬ್ಬನ ಹೋಗಿ ಜಿಲೇಬಿ ತಿಂದದ್ದು ನಿನ್ನ ಹೆಂಡತಿಗೆ ಹ್ಯಾಂಗ ಗೊತ್ತಾತು?"

ಹೇಗೆ ಗೊತ್ತಾಯಿತೆಂದರೆ, ಅಂಗಡಿಯ ಗಲ್ಲೆಯ ಮೇಲೆ ಒಂದು ಡಬ್ಬಿ ಇರುತ್ತದಲ್ಲ, ಫೋನಿನಿಂದ ರೊಕ್ಕ ಹೋದ ಕೂಡಲೇ "ಇಷ್ಟು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಒದರುವ ಡಬ್ಬಿ, ಅದು ಒದರಿತು. ಹೆಂಡತಿಯ ಶಾಲೆಯ ಟೀಚರೊಬ್ಬರು ಅಲ್ಲೇ ನಿಂತಿದ್ದರು. ಮುಂದಿನದನ್ನು ಬರೆಯುವ ಅಗತ್ಯವಿಲ್ಲ.

"ಅದಕ್ಕ ಹೇಳೋದು, ಕ್ರೆಡಿಟ್ ಕಾರ್ಡ್ ಮಾಡಸು," ಎಂದು ಕಾಂತೇಶ ಧ್ವನಿ ತಗ್ಗಿಸಿದ. "ಚಿಲ್ಲರ ಇಲ್ಲ, ಸಹಿ ಇಲ್ಲ, ಸದ್ದಿಲ್ಲ. ಇವತ್ತ ತೊಗೋ, ಒಂದೂವರಿ ತಿಂಗಳ ಮ್ಯಾಲ ಕಟ್ಟು. ಬಡ್ಡಿ ಇಲ್ಲ. ಮ್ಯಾಲ ಪಾಯಿಂಟ್ ಕೊಡತಾರ."

"ಪಾಯಿಂಟ್ ಯಾಕ?"

"ಖರ್ಚ ಮಾಡಿದ್ದಕ್ಕ ಬಕ್ಷೀಸು."

ನಾನು ಗೊಂದಲಕ್ಕೆ ಬಿದ್ದೆ. ರೊಕ್ಕ ಕೂಡಿಟ್ಟವನಿಗೆ ಮೂಗಿಗೆ ತುಪ್ಪ ಸವರಿದಷ್ಟು ಬಡ್ಡಿ ಕೊಡುವ ಬ್ಯಾಂಕು, ಕಳೆದವನಿಗೆ ಬಹುಮಾನ ಯಾಕೆ ಕೊಡುತ್ತದೆ? ಆದರೆ ಬಹುಮಾನದ ಮಾತು ಬಂದಾಗ ಜಾಸ್ತಿ ವಿಚಾರ ಮಾಡಬಾರದೆಂಬುದು ನನ್ನ ಸಿದ್ಧಾಂತ. ಅರ್ಜಿ ಹಾಕಿದೆ. ಕಾರ್ಡು ಬಂತು. ಚಿನ್ನದ ಬಣ್ಣ, ಮೇಲೆ ನನ್ನ ಹೆಸರು ಉಬ್ಬಿದ ಅಕ್ಷರದಲ್ಲಿ. ಮದುವೆಯ ಲಗ್ನಪತ್ರಿಕೆಯಲ್ಲಿ ಕೂಡ ನನ್ನ ಹೆಸರು ಅಷ್ಟು ಚೆಂದ ಅಚ್ಚಾಗಿರಲಿಲ್ಲ.

ಹೆಂಡತಿ ದಾನೇಶ್ವರಿ ಹತ್ತಿಕುಣಿಯ ಶಾಲೆಯಲ್ಲಿ ಗಣಿತದ ಟೀಚರು. ಅವಳ ಮುಂದೆ ಯಾವ ಲೆಕ್ಕವೂ ಸರಳವಾಗಿ ನಡೆಯುವುದಿಲ್ಲ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದರಾಗಿನ ರೊಕ್ಕ ಯಾರದ್ರಿ?"

"ಬ್ಯಾಂಕಿಂದು."

"ಅಂದ್ರ ಸಾಲ."

"ಸಾಲ ಅಲ್ಲ, ಕ್ರೆಡಿಟ್."

"ಕ್ರೆಡಿಟ್ ಅಂದ್ರ ಏನು?"

"ಕ್ರೆಡಿಟ್ ಅಂದ್ರ... ಸಾಲನ. ಆದ್ರ ಮರ್ಯಾದಿಯಿಂದ ಕೊಟ್ಟ ಸಾಲ."

"ಸಾಲಕ್ಕ ಎಂಥಾ ಮರ್ಯಾದಿ ಬಂತ್ರಿ? ತಿರುಗಿ ಕೊಡೋದು ಐತಿಲ್ಲ?"

"ಐತಿ. ಆದ್ರ ಆಮ್ಯಾಲ. ನಡುವ ಪಾಯಿಂಟ್ ಬರತಾವ. ಪಾಯಿಂಟ್ ಕೂಡಿದ್ರ ಮಿಕ್ಸರ್ ಕೊಡತಾರಂತ."

ಅವಳು ಅಡಿಗೆಮನೆಯ ಕಡೆ ನೋಡಿದಳು. ನಮ್ಮ ಮನೆಯ ಮಿಕ್ಸರ್ ಶೇಂಗಾ ಚಟ್ನಿ ಅರೆಯುವಾಗ ರೈಲ್ವೆ ಸ್ಟೇಷನ್ನಿಗೆ ಗಾಡಿ ಬಂದ ಹಾಗೆ ಸದ್ದು ಮಾಡುತ್ತದೆ.

"ಹಂಗಾದ್ರ ಸಾಲ ಅಲ್ಲ ಬಿಡ್ರಿ," ಎಂದಳು.

ಅವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳಿಗೂ ಒಂದು ಮಾತು ಬಿಡಿಸಿ ಹೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ನಾನೂ ಸುಖವಾಗಿರುತ್ತಿದ್ದೆ.

ಕಾರ್ಡಿನ ಪ್ರಥಮ ಪ್ರಯೋಗ ನಡೆದದ್ದು ಜಮಾಲಸಾಬನ ಬಟ್ಟೆ ಅಂಗಡಿಯಲ್ಲಿ. ಬುದ್ಧ ಪೂರ್ಣಿಮೆಗೆ ಅವ್ವನಿಗೊಂದು ಸೀರೆ ತರುವುದಿತ್ತು. ಮೂವರೂ ಹೋಗಿ ಚಪ್ಪಲಿ ಹೊರಗೆ ಬಿಟ್ಟು ಗಾದಿಯ ಮೇಲೆ ಕೂತೆವು. ಅವ್ವ ಬಿಳಿಯ ಮೇಲೆ ನೀಲಿ ಅಂಚಿನ ಸೀರೆಯೊಂದನ್ನು ಆರಿಸಿ, ಅಂಚು ಮುಟ್ಟಿ ಮುಟ್ಟಿ ನೋಡಿ, ಬಹಳ ದಿನಗಳ ಮೇಲೆ ಬಾಯಿ ತುಂಬ ನಕ್ಕಳು. ನನಗೂ ಸಂತೋಷವಾಯಿತು. ಆ ಸಂತೋಷದಲ್ಲೇ ಜೇಬಿಗೆ ಕೈ ಹಾಕಿ ಕಾರ್ಡು ತೆಗೆದು ಜಮಾಲಸಾಬನ ಮುಂದೆ ಹಿಡಿದೆ.

ಈಗ ನೀವು ನಮ್ಮವ್ವನ ಕಣ್ಣಿನಿಂದ ನೋಡಬೇಕು. ಆಗ ನಾನು ನೋಡಲಿಲ್ಲ.

ಮಗ ಜೇಬಿನಿಂದ ತನ್ನ ಹೆಸರಿನ ಕಾರ್ಡು ತೆಗೆದು ತೋರಿಸಿದ. ಅಂಗಡಿಯವನು ಗಡಬಡಿಸಿ ಎದ್ದ. ಒಂದು ಕರಿಯ ಮಷೀನು ತಂದು ಮಗನ ಮುಂದೆ ಹಿಡಿದ. ಮಗ ಅತ್ತ ನೋಡಿದ, ಇತ್ತ ನೋಡಿದ, ಬೆನ್ನು ಬಗ್ಗಿಸಿ, ಕೈ ಮುಚ್ಚಿಕೊಂಡು ಏನೋ ಒತ್ತಿದ. (ನಂಬರು ಯಾರಿಗೂ ಕಾಣಬಾರದೆಂದು ಕಾಂತೇಶ ಆಣೆ ಹಾಕಿಸಿದ್ದ.) ಅಂಗಡಿಯವನು ನೋಡದವರ ಹಾಗೆ ಮುಖ ತಿರುಗಿಸಿದ. ಆಮೇಲೆ ಕಾರ್ಡನ್ನು ಎರಡೂ ಕೈಯಿಂದ ಮಗನಿಗೆ ವಾಪಸು ಕೊಟ್ಟು, ಸೀರೆಯ ಗಂಟನ್ನೂ ಕೊಟ್ಟು, ಎದೆಯ ಮೇಲೆ ಕೈಯಿಟ್ಟು, "ಮತ್ತ ಬರ್ರಿ ಸಾಹೇಬ್ರ. ನಮ್ಮ ಲೈಸನ್ಸಿನ ಫೈಲು ಸ್ವಲ್ಪ ನೆಪ್ಪಿಟ್ಕೋರಿ," ಎಂದ. ಅಲ್ಲಿಗೆ ವ್ಯಾಪಾರ ಮುಗಿಯಿತು. ನೋಟು ಹೊರಬರಲಿಲ್ಲ. ಗಲ್ಲೆ ತೆರೆಯಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಡಬ್ಬಿ ಒದರಲಿಲ್ಲ.

ದಾರಿಯಲ್ಲಿ ಅವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಡಬ್ಬಿ ಯಾಕ ಒದರಲಿಲ್ಲೋ?"

"ಇದಕ್ಕ ಒದರಂಗಿಲ್ಲವ್ವ. ಅದ ಇದರ ಮಜಾ."

"ರೊಕ್ಕ?"

"ರೊಕ್ಕ ಈಗ ಯಾರು ಕೊಡತಾರವ್ವ?" ಎಂದು ನಾನು ದೊಡ್ಡದಾಗಿ ನಕ್ಕೆ.

ಮನೆ ಮುಟ್ಟುವ ತನಕ ಅವ್ವ ಮಾತಾಡಲಿಲ್ಲ. ಸೀರೆಯ ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಆಮೇಲೆ ನನಗೆ ಕಾರ್ಡಿನ ಹುಚ್ಚು ಹಿಡಿಯಿತು. ಸುಂದ್ರಮ್ಮನ ಕಿರಾಣಿ ಅಂಗಡಿಯಲ್ಲಿ ಅಕ್ಕಿ, ಸಕ್ಕರೆ, ಚಹಾಪುಡಿ. ಸ್ಟೇಷನ್ ರಸ್ತೆಯಲ್ಲಿ ಚಪ್ಪಲಿ. ಒಂದು ರವಿವಾರ ಶಹಾಪುರಕ್ಕೆ ಹೋಗಿ ಕುಕ್ಕರು. ಕುಕ್ಕರು ಯಾದಗಿರಿಯಲ್ಲೂ ಸಿಗುತ್ತಿತ್ತು. ಆದರೆ ಬೇರೆ ತಾಲೂಕಿನಲ್ಲೂ ಕಾರ್ಡು ನಡೆಯುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕಾಗಿತ್ತು. ನಡೆಯಿತು. ಹೋದಲ್ಲೆಲ್ಲ ಅವ್ವನನ್ನು ಕರೆದುಕೊಂಡು ಹೋದೆ. ಮಗನ ವೈಭವ ತಾಯಿ ನೋಡಬೇಡವೇ?

ಆದರೆ ಅವ್ವನ ವರ್ತನೆ ವಿಚಿತ್ರವಾಗುತ್ತ ಬಂತು. ಹೊಸ ಸೀರೆಯನ್ನು ತಿಜೋರಿಯಿಂದ ಹೊರಗೆ ತೆಗೆಯಲಿಲ್ಲ. ಚಹಾ ಬಿಟ್ಟಳು. ಅನ್ನ ಬಿಟ್ಟಳು. ದೋರನಹಳ್ಳಿಯ ನಮ್ಮ ತುಂಡು ಹೊಲದಿಂದ ಬಂದ ಜೋಳದ ರೊಟ್ಟಿ, ಅದೇ ಹೊಲದ ಬದುವಿನ ಮೆಣಸಿನಕಾಯಿ ಖಾರ, ಅಷ್ಟೇ ಊಟ. ಮಧ್ಯಾಹ್ನ ಎಲ್ಲಿಗೋ ಹೋಗಿ ಬರುತ್ತಿದ್ದಳು. ಕೇಳಿದರೆ "ವಿಹಾರಕ್ಕ" ಎನ್ನುತ್ತಿದ್ದಳು.

"ನಿಮ್ಮ ಮ್ಯಾಲ ಸಿಟ್ಟು ಬಂದಿರಬೇಕು," ಎಂದಳು ದಾನೇಶ್ವರಿ.

"ನನ್ನ ಮ್ಯಾಲ ಯಾಕ ಬರತೈತಿ? ಸೊಸಿ ಮ್ಯಾಲ ಬಂದಿರಬೇಕು."

"ಸೊಸಿ ಮ್ಯಾಲ ಸಿಟ್ಟಾದ್ರ ಅತ್ತಿ ಊಟ ಬಿಡಂಗಿಲ್ರಿ, ಸೊಸಿ ಕೈಲೆ ಎರಡ ರೊಟ್ಟಿ ಜಾಸ್ತಿ ಬಡಸ್ತಾರ."

ಇದರಲ್ಲಿ ಅರ್ಥವಿತ್ತು. ಹಾಗಾದರೆ ಜಡ್ಡೇ ಇರಬೇಕೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನಾಡಿ ನೋಡಿ, ನಾಲಗೆ ನೋಡಿ, ಏನೂ ಇಲ್ಲ ಎಂದು ಟಾನಿಕ್ಕು ಬರೆದುಕೊಟ್ಟರು. ಮೆಡಿಕಲ್ ಅಂಗಡಿಯಲ್ಲಿ ನಾನು ಹುರುಪಿನಿಂದ ಕಾರ್ಡು ತೆಗೆದೆ. ಅವ್ವ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, "ಔಷಧಾನೂ ಬಿಡಲಿಲ್ಲಲ್ಲೋ," ಎಂದಳು. ಔಷಧ ಬೇಡವೆಂದು ಹಟ ಮಾಡುತ್ತಿದ್ದಾಳೆಂದು ನಾನು ಸಮಾಧಾನ ಹೇಳಿದೆ.

ಹೀಗಿರುವಾಗ ಒಂದು ದಿನ ಜಮಾಲಸಾಬ ನಮ್ಮ ಕಚೇರಿಗೆ ಬಂದ. ನೇರ ನನ್ನ ಟೇಬಲ್ಲಿಗೆ ಬಂದು, ಜೇಬಿನಿಂದ ನೋಟಿನ ಮಡಿಕೆ ತೆಗೆದು, ಟೇಬಲ್ಲಿನ ಮೇಲಿದ್ದ ಫೈಲಿನ ಮೇಲಿಟ್ಟ. ಆ ಫೈಲು ಅವನದೇ ಅಂಗಡಿಯ ಲೈಸನ್ಸಿನದು. ನನ್ನ ಗ್ರಹಚಾರ ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ ನೋಡಿ.

"ಸಾಹೇಬ್ರ, ಇದು ನಿಮ್ಮದು ರೀ. ತೊಗೋರಿ."

ಕಚೇರಿಯಲ್ಲಿ ಒಮ್ಮೆಲೇ ಕಂಪ್ಯೂಟರಿನ ಕೀಲಿಗಳ ಸದ್ದು ನಿಂತಿತು. ಕಾಂತೇಶ ಮೇಲೆ ತಿರುಗದ ಫ್ಯಾನನ್ನು ನೋಡತೊಡಗಿದ.

"ನನ್ನದು ಹ್ಯಾಂಗ ಆತು? ತೆಗೀರಿ ಮೊದಲ!" ಎಂದೆ.

"ತೊಗೋಬೇಕ್ರಿ ಸಾಹೇಬ್ರ. ನಾ ಇಟ್ಕೊಂಡ್ರ ನಂಗ ಹರಾಮ್. ಮೂರ ದಿವಸದಿಂದ ನಿದ್ದಿ ಬಂದಿಲ್ಲ."

"ಮೆಲ್ಲಗ ಮಾತಾಡ್ರಿ!"

ಮೆಲ್ಲಗೆ ಎಂದದ್ದೇ ತಪ್ಪಾಯಿತು. ವರ್ಷಕ್ಕೆ ಎರಡು ಸಲ ಕೋಣೆಯಿಂದ ಹೊರಗೆ ಬರುವ ನಮ್ಮ ಸಾಹೇಬರು ಆಗಲೇ ಬಾಗಿಲಲ್ಲಿ ನಿಂತಿದ್ದರು. ನೋಟು ನೋಡಿದರು, ಫೈಲು ನೋಡಿದರು, ನನ್ನನ್ನು ನೋಡಿದರು. ಏನೂ ಅನ್ನದೆ ಒಳಗೆ ಹೋದರು. ಬೈದಿದ್ದರೆ ಎಷ್ಟೋ ಬರೋಬರಿ ಇತ್ತು.

ಜಮಾಲಸಾಬನ ರಟ್ಟೆ ಹಿಡಿದು ಹೊರಗೆ ಬೇವಿನ ಮರದ ಕೆಳಗೆ ಎಳೆದುಕೊಂಡು ಹೋದೆ.

"ಏನ್ರಿ ಇದು?"

"ನಿಮ್ಮ ಅವ್ವಾರು ಬಂದಿದ್ರು ರೀ. ಸೀರಿ ರೊಕ್ಕ ಅಂತ ಕೈಯಾಗ ಇಟ್ರು. ಕಣ್ಣಾಗ ನೀರು ತಂದು, ನನ್ನ ಮಗನ್ನ ಮಾಫ್ ಮಾಡ್ರಿ ಅಂದ್ರು. ಕಾರ್ಡು ಫೇಲ್ ಆಗ್ಯದೇನೋ ಅಂತ ನಾ ತೊಗೊಂಡೆ. ಆಮ್ಯಾಲ ಹಿಸಾಬ ನೋಡಿದ್ರ ಬ್ಯಾಂಕಿಂದೂ ಬಂದದ. ಒಂದು ಸೀರಿಗೆ ಎರಡ ಸಲ ರೊಕ್ಕ ಹ್ಯಾಂಗ ಇಟ್ಕೊಳ್ಳಲಿ?"

"ಮಾಫ್ ಯಾಕಂತ?"

"ಅದು ನನಗೂ ತಿಳೀಲಿಲ್ಲ ರೀ. ದೊಡ್ಡವರು ಅಳುವಾಗ ಯಾಕಂತ ಕೇಳಾಕ ಬರತದೇನ್ರಿ?"

ನಾನು ನೋಟು ಜೇಬಿಗೆ ಹಾಕಿಕೊಂಡೆ. ಕಚೇರಿಯ ಕಿಟಕಿಗಳಲ್ಲಿ ಆಗ ಎಷ್ಟು ತಲೆಗಳಿದ್ದವೆಂದು ಆಮೇಲೆ ಕಾಂತೇಶ ಹೇಳಿದ.

ಸಂಜೆ ಮನೆಗೆ ಹೋದವನೇ ಅವ್ವನ ಮುಂದೆ ನೋಟು ಇಟ್ಟೆ. "ಅವ್ವಾ, ತೊಗೋ. ಜಮಾಲಸಾಬ ಕೊಟ್ಟಾನ."

"ಎಲ್ಲಿ ಕೊಟ್ಟ?"

"ಆಫೀಸಿಗೆ ಬಂದು ಕೊಟ್ಟ. ಟೇಬಲ್ ಮ್ಯಾಲ ಇಟ್ಟ."

ಅವ್ವ ಗೋಡೆ ಹಿಡಿದು ಎದ್ದು ನಿಂತಳು. "ಸಾಲಿ ಕಲಿಸಿ, ನೌಕರಿ ಕೊಡಿಸಿ ಇದನ್ನ ನೋಡಾಕ ಉಳದೀನೇನೋ ನಾನು? ಸೀರಿ ಆತು. ಅಕ್ಕಿ ಆತು. ಕುಕ್ಕರ್ ಆತು. ಜಡ್ಡಿನವರ ಔಷಧ ಆತು. ಈಗ ನಗದ ಶುರು ಮಾಡಿದೇನೋ ತಾಯಪ್ಪನ ಮಗನ?"

ನನಗೆ ಬಾಗಿಲು ಎಲ್ಲಿದೆ ಎಂದು ಕೂಡ ಕಾಣಲಿಲ್ಲ. ಅಳುತ್ತಲೇ ಎಲ್ಲ ಹೇಳಿದಳು. ನಾನು ಕಚೇರಿಯ ಕಾರ್ಡು ತೋರಿಸಿ ಅಂಗಡಿಕಾರರನ್ನು ಹೆದರಿಸುತ್ತೇನಂತೆ. ಅವರು ಪಾಪ ಮಷೀನಿನಲ್ಲಿ ಅದನ್ನು ದಾಖಲು ಮಾಡಿಕೊಂಡು, ಪುಕ್ಕಟೆ ಸಾಮಾನು ಕೊಟ್ಟು, ಕೈ ಮುಗಿದು ಕಳಿಸುತ್ತಾರಂತೆ. ಅವಳು ಮಧ್ಯಾಹ್ನ ಮಧ್ಯಾಹ್ನ ಹೋಗಿದ್ದು ವಿಹಾರಕ್ಕಲ್ಲ, ನನ್ನ ಪಾಪ ತೊಳೆಯಲು. ಅಪ್ಪನ ಪಿಂಚಣಿಯ ರೊಕ್ಕದಲ್ಲಿ ಜಮಾಲಸಾಬನದು ತೀರಿಸಿದ್ದಳು. ಸುಂದ್ರಮ್ಮ, "ನಿಮ್ಮ ಮಗ ಕೊಟ್ಟಾರಬೇ" ಎಂದು ಎಷ್ಟು ಹೇಳಿದರೂ ಕೇಳದೆ, ಹೆದರಿ ಸುಳ್ಳು ಹೇಳುತ್ತಿದ್ದಾಳೆಂದು ತಕ್ಕಡಿಯ ಮೇಲೆ ರೊಕ್ಕ ಇಟ್ಟು ಬಂದಿದ್ದಳು. ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ತಪ್ಪು ಮಾಡದೆಯೂ ತಲೆ ತಗ್ಗಿಸಿ ನಿಂತೆ.

"ಅತ್ತೀ, ಇವರು ರೊಕ್ಕ ಕೊಟ್ಟಾರ್ರಿ," ಎಂದು ದಾನೇಶ್ವರಿ ನಡುವೆ ಬಂದಳು. "ಬ್ಯಾಂಕು ಕೊಡತೈತ್ರಿ ಅಂಗಡಿಗೆ."

"ಬ್ಯಾಂಕು ಇವನ ಸೀರಿಗೆ ಯಾಕ ಕೊಡತೈತಿ?"

"ಸಾಲ ಅವ್ವಾ," ಎಂದೆ. "ಒಂದೂವರಿ ತಿಂಗಳ ಆದ ಮ್ಯಾಲ ನಾ ಬ್ಯಾಂಕಿಗೆ ಕಟ್ಟತೀನಿ."

"ಬಡ್ಡಿ ಎಷ್ಟು?"

"ಬಡ್ಡಿ ಇಲ್ಲ. ಮ್ಯಾಲ ಅವರ ನನಗ ಮಿಕ್ಸರ್ ಕೊಡತಾರ."

ಹೇಳಿ ಮುಗಿಸುವಷ್ಟರಲ್ಲಿ ನನಗೇ ಅನಿಸಿತು, ಇದನ್ನು ಯಾರೂ ನಂಬಲಾರರು ಎಂದು. ಅವ್ವ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು.

"ಬಡ್ಡಿ ಇಲ್ದ ಸಾಲ ಕೊಟ್ಟು, ಮ್ಯಾಲ ಮಿಕ್ಸರ್ ಕೊಡತಾರ. ನೀ ಅವರಿಗೆ ಏನ ಮಾಡಿಕೊಟ್ಟಿ?"

"ಏನೂ ಇಲ್ಲ!"

"ಏನೂ ಇಲ್ದ ನಿನಗ ಯಾಕ ಕೊಡತಾರ? ಅವರ ಮನಿ ಹ್ಯಾಂಗ ನಡೀತೈತಿ?"

"ಕೆಲವರು ಸಾಲ ಹೊತ್ತಿಗೆ ಸರಿಯಾಗಿ ಕಟ್ಟಂಗಿಲ್ಲವ್ವ. ಅವರ ಕಡಿಂದ ಜಬರ ಬಡ್ಡಿ ತೊಗೋತಾರ."

"ಅಂದ್ರ ಯಾವನೋ ಬಡವ ಬಡ್ಡಿ ಕಟ್ಟಬೇಕು, ನೀ ಮಿಕ್ಸರ್ ತರಬೇಕು."

ನಾನು ಗಣಿತದ ಟೀಚರ ಕಡೆ ನೋಡಿದೆ. ಗಣಿತದ ಟೀಚರು ಒಲೆಯ ಮೇಲೆ ಏನೋ ಉಕ್ಕುತ್ತಿದೆ ಎಂದು ಒಳಗೆ ಹೋದರು. (ಒಲೆ ಹಚ್ಚಿರಲಿಲ್ಲ.)

"ಹಂಗಾದ್ರ ಎಲ್ಲಾರಿಗೂ ಚೆಕ್ಕು ಬರದು ಕೊಡಲೇನವ್ವ? ಕಾಗದದ ಮ್ಯಾಲ ಪುರಾವೆ ಇರತೈತಿ," ಎಂದು ಕೊನೆಯ ಪ್ರಯತ್ನ ಮಾಡಿದೆ.

"ಬ್ಯಾಡಪಾ. ನಿನ್ನ ಸೈ ಕಂಡ್ರ ನೋಟೀಸು ಬಂತಂತ ಅಂಗಡಿ ಬಾಗಲಾ ಹಾಕ್ಕೋತಾರ. ನಾಳಿ ನಡಿ ಬ್ಯಾಂಕಿಗೆ. ಸಾಲಾನ ಇದ್ರ ನನ್ನ ಕಣ್ಣ ಮುಂದ ಪೂರ್ತಿ ಕಟ್ಟು. ಅವರು ತೊಗೊಂಡ್ರ ನಿನ್ನ ನಂಬತೀನಿ."

ಇದಕ್ಕಿಂತ ಸುಲಭವಾದ ಪರೀಕ್ಷೆ ಇನ್ನೊಂದಿಲ್ಲ ಎಂದುಕೊಂಡೆ. ಕೊಟ್ಟರೆ ರೊಕ್ಕ ಬೇಡ ಎನ್ನುವ ಬ್ಯಾಂಕು ಜಗತ್ತಿನಲ್ಲಿ ಎಲ್ಲಿದೆ?

ಅವ್ವನಿಗೆ ಬ್ಯಾಂಕು ಹೊಸದಲ್ಲ. ಪಿಂಚಣಿಗೆಂದು ಹೋಗುತ್ತಾಳೆ. ಅಲ್ಲಿ ಅವಳ ಬೆರಳು ಮಷೀನಿಗೆ ಒಪ್ಪುವುದಿಲ್ಲ, ಒರೆಸಿ ಒತ್ತು, ತೊಳೆದು ಒತ್ತು, ಊಟ ಆದ ಮೇಲೆ ಬಾ ಎಂದು ನಿಲ್ಲಿಸುತ್ತಾರೆ. ಆದರೆ ಅವತ್ತು ಕಾರ್ಡು ತೋರಿಸಿದ ಕೂಡಲೇ ನನ್ನನ್ನು ಬೇರೆ ಟೇಬಲ್ಲಿಗೆ ಕಳಿಸಿದರು. ಅಲ್ಲಿ ಗುಲ್ನಾಜ್ ಎಂಬ ಹುಡುಗಿ ನಗುನಗುತ್ತ ಎದ್ದು, ಇಬ್ಬರಿಗೂ ಕುರ್ಚಿ ಹಾಕಿಸಿ, ನೀರು ತರಿಸಿದಳು. ಅವ್ವ ಕುರ್ಚಿಯ ತುದಿಯಲ್ಲಿ ಕೂತು ನನ್ನ ಕಡೆ ಓರೆಗಣ್ಣಿಂದ ನೋಡಿದಳು.

ನಾನು ಸಂಬಳದ ರೊಕ್ಕ ತೆಗೆದು ಟೇಬಲ್ಲಿನ ಮೇಲಿಟ್ಟೆ. "ಕಾರ್ಡಿನ ಬಾಕಿ ಪೂರ್ತಿ ಜಮಾ ಮಾಡ್ಕೋರಿ."

"ಪೂರ್ತಿ ಯಾಕ್ರಿ ಸರ್?" ಎಂದಳು ಗುಲ್ನಾಜ್ ಮೃದುವಾಗಿ. "ಇಲ್ಲಿ ಕೆಳಗ ಕಮ್ಮಿ ಮೊತ್ತ ಒಂದು ಕೊಟ್ಟೀವಲ್ರಿ. ಈ ತಿಂಗಳಿಗೆ ಇಷ್ಟ ಕಟ್ರಿ, ಸಾಕು. ಉಳಿದದ್ದು ನಿಮ್ಮ ಅನುಕೂಲ ನೋಡ್ಕೊಂಡು."

ಅವ್ವನ ಕೈ ನನ್ನ ಮೊಣಕೈಯನ್ನು ಹಿಡಿಯಿತು.

"ಇಲ್ರಿ, ಪೂರ್ತಿನ ತೊಗೋರಿ," ಎಂದು ನಾನು ಅಂಗಲಾಚಿದೆ.

"ನಿಮ್ಮಂಥವರಿಗೆ ಏನ ಅವಸರ ಸರ್? ನಿಮಗ ಲಿಮಿಟ್ಟೂ ಹೆಚ್ಚು ಮಾಡೀವಿ."

"ಅವ್ವಾ, ಹಿಂಗ ಉಳಿಸಿದ್ರ ಆಮ್ಯಾಲ ಬಡ್ಡಿ ಹಾಕತಾರ, ಅದಕ್ಕ ಬ್ಯಾಡ ಅನ್ನಾಕತ್ತಾರ," ಎಂದು ನಾನು ಕಿವಿಯಲ್ಲಿ ಹೇಳಿದೆ.

"ರಾತ್ರಿ ಬಡ್ಡಿ ಇಲ್ಲಂದಿ. ಈಗ ಐತಂತಿ. ಒಂದ ಬಾಯಾಗ ಎಷ್ಟ ಮಾತೋ?" ಎಂದು ಅವ್ವ ಗುಲ್ನಾಜಳ ಕಡೆ ತಿರುಗಿದಳು. "ಯವ್ವಾ, ಒಂದ ಮಾತು ಖರೇ ಹೇಳು. ನಿಮ್ಮ ಬ್ಯಾಂಕಿಗೂ ಲೈಸನ್ಸ್ ಐತೇನು?"

"ಐತ್ರಿ ಅಮ್ಮಾ. ಲೈಸನ್ಸ್ ಇಲ್ದ ಬ್ಯಾಂಕು ನಡಸಾಕ ಬರ್ತೈತೇನ್ರಿ?" ಎಂದಳು ಆ ಹುಡುಗಿ, ಮಗುವಿನ ಹಾಗೆ ನಗುತ್ತ.

ಆ ಲೈಸನ್ಸು ನನ್ನ ಟೇಬಲ್ಲಿಗೆ ಬರುವಂಥದ್ದಲ್ಲ, ಅದು ಬೇರೆ, ಅದನ್ನು ಕೊಡುವವರು ಬೇರೆ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಎದ್ದು ನಿಂತಿದ್ದಳು. "ಹೆದರಬ್ಯಾಡವ್ವ. ನಾ ಇದ್ದೀನಿ. ಪೂರ್ತಿ ಎಣಿಸಿ ತೊಗೋ. ಇವನು ಏನೂ ಅನ್ನಂಗಿಲ್ಲ," ಎಂದು ಇಡೀ ಬ್ಯಾಂಕಿಗೆ ಕೇಳುವಂತೆ ಹೇಳಿದಳು. ಪಿಂಚಣಿಯ ಸಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಗುಲ್ನಾಜ್ ಗಾಬರಿಯಾಗಿ ಪೂರ್ತಿ ಎಣಿಸಿ ತೆಗೆದುಕೊಂಡಳು. ಆ ಗಾಬರಿಯನ್ನೂ ಅವ್ವ ನೋಡಿದಳು.

ಬ್ಯಾಂಕಿನಿಂದ ಅವಳು ಮನೆಗೆ ಬರಲಿಲ್ಲ. ನೇರ ನಮ್ಮ ಕಚೇರಿಗೆ ನಡೆದಳು. ನಾನು ಹಿಂದಿನಿಂದ "ಅವ್ವಾ, ಅವ್ವಾ" ಎನ್ನುತ್ತ ಓಡಿದೆ. ಸಾಹೇಬರ ಕೋಣೆಗೆ ಹೋಗಿ ಕೈ ಮುಗಿದಳು.

"ಸಾಹೇಬ್ರ, ನಾ ನಿಮ್ಮ ಆಫೀಸಿನ ಜವಾನ ತಾಯಪ್ಪನ ಹೆಂಡತಿ ರೀ. ನನ್ನ ಮಗ ಕೆಟ್ಟಾಂವ ಅಲ್ರಿ. ಆ ಟೇಬಲ್ ಕೆಟ್ಟದ್ದೈತಿ. ಅದರ ಮುಂದ ಕುಂತಾಗಿಂದ ಬ್ಯಾಂಕಿನವರೂ ಇವಂಗ ಹೆದರಾಕತ್ತಾರ್ರಿ. ಅದನ್ನೊಂದ ಬಿಡಸ್ರಿ."

ನಾನು ವಿವರಿಸಲು ಹೋದೆ. ಸೀರೆಯಿಂದ ಶುರು ಮಾಡಿ ಡಬ್ಬಿಗೆ ಬಂದು, ಡಬ್ಬಿಯಿಂದ ಮಿಕ್ಸರಿಗೆ ಹೋಗಿ, ಅಲ್ಲಿಂದ ವಾಪಸು ಬರುವ ದಾರಿ ಸಿಗದೆ ನಿಂತೆ. ಸಾಹೇಬರು ಜಮಾಲಸಾಬನ ನೋಟುಗಳನ್ನು ಕಣ್ಣಾರೆ ಕಂಡಿದ್ದವರು. "ಇಂಥ ತಾಯಿ ಎಲ್ಲರಿಗೂ ಸಿಗಂಗಿಲ್ಲ," ಎಂದು ನನಗೆ ಹೇಳಿದರು. ಮರುದಿನ ನಾನು ಟಪಾಲು ವಿಭಾಗದಲ್ಲಿದ್ದೆ. ಬಂದ ಪತ್ರಕ್ಕೆ ಠಸ್ಸೆ ಹೊಡೆಯುವುದು, ಹೋಗುವ ಪತ್ರಕ್ಕೆ ಅಂಟು ಹಚ್ಚುವುದು. ಲೈಸನ್ಸಿನ ಟೇಬಲ್ಲು ಕಾಂತೇಶನಿಗೆ ಹೋಯಿತು. ಅವನು ನನ್ನನ್ನು ಸಮಾಧಾನ ಮಾಡಲು ಚಹಾ ಕುಡಿಸಿದ, ಕಾರ್ಡಿನಿಂದ.

ಅವ್ವ ಮಾತ್ರ ಮೊದಲಿನಂತಾದಳು. ಅನ್ನ ಉಂಡಳು, ಚಹಾಕ್ಕೆ ಸಕ್ಕರೆ ಹಾಕಿಸಿಕೊಂಡಳು. ಪೂರ್ಣಿಮೆಯ ದಿನ ನೀಲಿ ಅಂಚಿನ ಸೀರೆ ಉಟ್ಟು, ನನ್ನ ಮುಂದೆ ನಿಂತು, "ಹ್ಯಾಂಗ ಕಾಣತೀನಿ?" ಎಂದು ಕೇಳಿದಳು. ವಿಹಾರಕ್ಕೆ ಒಂದಿಷ್ಟು ಬಿಳಿ ಬಟ್ಟೆ ಕೊಡಬೇಕೆಂದು ಮತ್ತೆ ಜಮಾಲಸಾಬನ ಅಂಗಡಿಗೇ ಹೋದೆವು.

"ನಿನ್ನ ಕಾರ್ಡು ಐತಿಲ್ಲ, ತೋರಸು," ಎಂದಳು ಅವ್ವ.

"ಬ್ಯಾಡವ್ವ, ಯಾಕ ಮತ್ತ..."

"ತೋರಸು. ಈಗ ಏನ ಹೆದರಿಕಿ?"

ನನಗೆ ಆಸೆ ಹುಟ್ಟಿತು. ಈಗ ನಾನು ಟಪಾಲಿನವನು. ನನಗೆ ಯಾವ ಅಂಗಡಿಯವನೂ ಹೆದರಬೇಕಾಗಿಲ್ಲ. ಈಗಲೂ ಕಾರ್ಡು ನಡೆದರೆ ಅವ್ವನಿಗೆ ಸತ್ಯ ತಿಳಿಯಲೇಬೇಕು. ನನ್ನ ಮಾನ ವಾಪಸು ಬರುವ ಘಳಿಗೆ ಇದೇ ಎಂದು ಎದೆ ಉಬ್ಬಿಸಿ ಕಾರ್ಡು ತೆಗೆದು ಹಿಡಿದೆ.

ಜಮಾಲಸಾಬ ಗಾದಿಯಿಂದ ಏಳಲಿಲ್ಲ. ಕೂತಲ್ಲಿಂದಲೇ ಕೈ ಆಡಿಸಿದ.

"ಕಾರ್ಡು ನಡಿಯಂಗಿಲ್ರಿ. ಮುಂಜಾನಿಂದ ಮಷೀನಿಗೆ ನೆಟ್‌ವರ್ಕ್ ಇಲ್ಲ. ನಗದ ಕೊಟ್ಟುಬಿಡ್ರಿ."

ಅವ್ವನ ಮುಖ ಅರಳಿತು. ಇಡೀ ಅಂಗಡಿಯ ಮುಂದೆ ನನ್ನ ಕೆನ್ನೆ ಸವರಿ ಲಟಿಗೆ ಮುರಿದಳು.

"ನೋಡಿದಿ? ಟೇಬಲ್ ಹೋತು, ಕಾರ್ಡಿನ ಆಟಾನೂ ಹೋತು. ಈಗ ಬಾಯಿ ಬಿಟ್ಟು ರೊಕ್ಕ ಕೇಳಾಕತ್ತಾನ."

"ಅವ್ವಾ, ಅದು ನೆಟ್‌ವರ್ಕು..."

"ಸುಮ್ಮನಿರಪಾ. ನಿಮ್ಮಪ್ಪನ್ನೂ ಮಂದಿ ಹಿಂಗ ಕೇಳ್ತಿದ್ರು," ಎಂದಳು. ಅವಳ ಕಣ್ಣುಗಳು ತುಂಬಿ ಬಂದಿದ್ದವು.

ಅಪ್ಪನಿಗೂ ನನಗೂ ಅವಳು ಹೋಲಿಕೆ ಕೊಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ನಾನು ನೆಟ್‌ವರ್ಕಿನ ಮಾತು ನುಂಗಿಕೊಂಡೆ. ಜೇಬು ತಡಕಾಡಿದೆ. ಕಾರ್ಡು ಬಂದಾಗಿನಿಂದ ನೋಟು ಇಟ್ಟುಕೊಳ್ಳುವ ರೂಢಿಯೇ ತಪ್ಪಿತ್ತು, ಒಂದು ಹತ್ತರ ನೋಟೂ ಇರಲಿಲ್ಲ. ಅವ್ವ ಅಪ್ಪನ ಪಿಂಚಣಿಯಲ್ಲಿ ಎಣಿಸಿ ಕೊಟ್ಟಳು, ಜಮಾಲಸಾಬ ಎಣಿಸಿ ಗಲ್ಲೆಗೆ ಹಾಕಿಕೊಂಡ.